ಕೊಡಗಿನ ಹಳೇ ಶಾಲೆ, ಕಾಲೇಜು ಕಟ್ಟಡಗಳನ್ನು ಪರಿಸರಕ್ಕೆ ಪೆಟ್ಟಾಗದಂತೆ ನವೀಕರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಂಚಿನ ಮಾಡಿನ ಹಳೇ ಶಾಲೆ, ಕಾಲೇಜು, ಹಾಸ್ಟೆಲ್‌ಗಳು ಕೊಡಗಿನಲ್ಲಿ ಇನ್ನೂ ಸಾಕಷ್ಟಿವೆ. ಅವುಗಳ ದುರಸ್ತಿಗೆ ಕೈ ಹಾಕುವ ಆಡಳಿತ ಮಂಡಳಿಗಳು, ಮುಖ್ಯ ಶಿಕ್ಷಕರು, ಹಳೇ ವಿದ್ಯಾರ್ಥಿ ಸಂಘಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಬೆಂಗಳೂರಿನ ಕ್ಯಾಂಪಸ್‌ಗೆ ಹೇಳುವ ಸಲಹೆ ಇಲ್ಲಿಗೆ ಹಾಗೇ ಒಗ್ಗುವುದಿಲ್ಲ. ಅಲ್ಲಿ ಸೆಖೆಯ ಚಿಂತೆ, ಇಲ್ಲಿ ನೀರಿನ ಚಿಂತೆ. ಮಳೆ, ತೇವ, ಇಳಿಜಾರು, ಕೆಳಗೆ ಹರಿಯುವ ತೋಡು: ಇವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇದನ್ನು ಬರೆದಿದ್ದೇನೆ.

ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿಬಿಡೋದೇ ಒಳ್ಳೇದಲ್ವಾ? ಹೊಸದಕ್ಕೆ ಎಲ್‌ಇಡಿ, ಸೋಲಾರ್ ಎಲ್ಲ ಹಾಕಿಸಬಹುದು.

ಹೆಚ್ಚಿನ ಕಟ್ಟಡಗಳಿಗೆ ಈ ಮಾತು ಹೊಂದುವುದಿಲ್ಲ. ಎಲ್‌ಇಡಿ, ಸೋಲಾರ್ ಹಳೇ ಕಟ್ಟಡಕ್ಕೂ ಹಾಕಿಸಬಹುದು. ಆದರೆ ನಿಂತಿರುವ ಗೋಡೆಯನ್ನು ಕೆಡವಿದರೆ ಅದಕ್ಕೆ ಆಗಲೇ ಖರ್ಚಾಗಿರುವ ಕಲ್ಲು, ಇಟ್ಟಿಗೆ, ಮರ, ಸೌದೆ, ಕೂಲಿ ಎಲ್ಲ ಮಣ್ಣುಪಾಲು. ಅದರ ಜಾಗದಲ್ಲಿ ಬರುವುದು ಸಿಮೆಂಟ್ ಮತ್ತು ಕಬ್ಬಿಣ.

ಸಿಮೆಂಟಿನ ಮೂಲವಸ್ತು ಕ್ಲಿಂಕರ್. 1 ಟನ್ ಕ್ಲಿಂಕರ್ ತಯಾರಾಗುವಾಗ ಸುಮಾರು 0.8ರಿಂದ 0.9 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಉರಿಸುವ ಕಲ್ಲಿದ್ದಲಿನಿಂದಲ್ಲ, ಸುಣ್ಣದ ಕಲ್ಲಿನ ಒಳಗಿನಿಂದಲೇ. ಹಾಗಾಗಿ ಯಾವ ಇಂಧನ ಬಳಸಿದರೂ ಅಷ್ಟು ಭಾಗ ತಪ್ಪುವುದಿಲ್ಲ. ಜೊತೆಗೆ ಕೊಡಗಿಗೆ ರೈಲು ಇಲ್ಲ. ಒಂದೊಂದು ಮೂಟೆ ಸಿಮೆಂಟೂ ಲಾರಿಯಲ್ಲೇ ಬರಬೇಕು.

ಕೆಡವುವುದೇ ಸರಿ ಅನ್ನಿಸುವ ಸಂದರ್ಭಗಳೂ ಇವೆ. ಕಟ್ಟಡದ ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ, ಜಾರುತ್ತಿದ್ದರೆ, ಅಡಿಪಾಯವೇ ಕೂತು ಗೋಡೆ ವಾಲಿದ್ದರೆ, ಅಂಗಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸುವ ಯೋಚನೆಯೇ ಬೇಡ. ಅಂಥ ಜಾಗದಲ್ಲಿ ಹೊಸ ಕಟ್ಟಡವನ್ನೂ ಕಟ್ಟಬಾರದು.

ಗೋಡೆಯಲ್ಲಿ ಬಿರುಕಿದೆ. ಅಪಾಯ ಇದೆಯೋ ಇಲ್ವೋ ಅಂತ ತಿಳಿಯೋದು ಹೇಗೆ?

ಸಾರಣೆಯಲ್ಲಿ (ಪ್ಲಾಸ್ಟರ್‌ನಲ್ಲಿ) ಮಾತ್ರ ಇರುವ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಆಚೆ ಬದಿಗೂ ಕಾಣುವ ಬಿರುಕು ಗಂಭೀರ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ ಕಳೆಯಲಿ. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಎಂದರ್ಥ. ಒಡೆಯದಿದ್ದರೆ ಅದು ಹಳೇ ಗಾಯ, ಮುಚ್ಚಬಹುದು. ಇಷ್ಟಾದ ಮೇಲೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಸುಣ್ಣದ ಗಾರೆ, ಮಣ್ಣಿನ ಗೋಡೆ ಗೊತ್ತಿರುವವರನ್ನೇ ಹುಡುಕಿ. ಕಾಂಕ್ರೀಟ್ ಮಾತ್ರ ಗೊತ್ತಿರುವವರು ಹಳೇ ಗೋಡೆ ಕಂಡ ಕೂಡಲೇ ಕೆಡವಿ ಅಂತಾರೆ.

ಕೆಲಸ ಯಾವ ತಿಂಗಳಲ್ಲಿ ಶುರು ಮಾಡಬೇಕು?

ಮಾಡು ಬಿಚ್ಚುವ ಕೆಲಸ ಏಪ್ರಿಲ್ ರಜೆಗೇ ಅಂತ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಅಪಾಯ ಇದೆ. ಮೇ ತಿಂಗಳ ಗುಡುಗು ಮಳೆಗೆ ತೆರೆದ ಗೋಡೆ ಸಿಕ್ಕಿಬಿದ್ದರೆ ಮಣ್ಣಿನ ಇಟ್ಟಿಗೆ ಕರಗಲು ಶುರುವಾಗುತ್ತದೆ. ಗೋಡೆ ಮತ್ತು ಗಾರೆ ಕೆಲಸ ನವೆಂಬರ್ ಕೊನೆಯಿಂದ ಮಾರ್ಚ್ ಒಳಗೆ ಮುಗಿಯಲಿ. ಮಾಡನ್ನು ಒಂದೊಂದೇ ಕೋಣೆಯಂತೆ ಬಿಚ್ಚಿ, ಮುಚ್ಚಿ, ಮುಂದಕ್ಕೆ ಹೋಗಿ. ಫೆಬ್ರುವರಿ, ಮಾರ್ಚ್‌ನ ಹೂಮಳೆಗೆ ಟರ್ಪಾಲು ಕೈಗೆ ಸಿಗುವಂತಿರಲಿ.

ಇನ್ನೊಂದು ತಾಪತ್ರಯ ಇದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆಗ ಕೂಲಿ ಜನ ಸಿಗುವುದೇ ಕಷ್ಟ. ಮೇಸ್ತ್ರಿಯ ಹತ್ತಿರ ಪುತ್ತರಿ ಸುಗ್ಗಿ ಹಬ್ಬಕ್ಕೆ ಮೊದಲೇ ಮಾತಾಡಿ ಮುಂಗಡ ಕೊಟ್ಟಿಡಿ.

ಹೆಂಚು ತೆಗೆದು ಶೀಟ್ ಹಾಕಿಬಿಟ್ಟರೆ ತೊಂದರೆ ತಪ್ಪಲ್ವಾ?

ಸೋರುವ ತೊಂದರೆ ಸ್ವಲ್ಪ ವರ್ಷ ತಪ್ಪುತ್ತದೆ, ನಿಜ. ಆದರೆ ಜುಲೈ ಮಳೆ ತಗಡಿನ ಶೀಟಿನ ಮೇಲೆ ಬೀಳುವಾಗ ತರಗತಿಯಲ್ಲಿ ಕೂತು ನೋಡಿ. ಮೇಡಂ ಏನು ಹೇಳುತ್ತಿದ್ದಾರೆ ಅಂತ ಎರಡನೇ ಬೆಂಚಿಗೇ ಕೇಳುವುದಿಲ್ಲ. ಚಳಿಗಾಲದ ಬೆಳಗ್ಗೆ ಶೀಟಿನ ಒಳಮೈಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ಮಾರ್ಚ್ ಮಧ್ಯಾಹ್ನ ಶೀಟ್ ಕಾದು ಬಿಸಿಯಾಗುತ್ತದೆ. ಪಾಠ ಕೇಳಿಸದ ಕೋಣೆಯನ್ನು ನವೀಕರಿಸಿದ್ದೇವೆ ಅಂತ ಹೇಳಿ ಏನು ಬಂತು?

ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಳೇ ಕಟ್ಟಡದ ಹೆಂಚು ಇಳಿಸಿ ಬೆನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಇನ್ನೂ ಚೊಕ್ಕವಾಗಿ ಕಾಣುತ್ತದೆ. ಅಷ್ಟು ವರ್ಷ ಮಳೆ ತಿಂದ ಹೆಂಚು ಇನ್ನೂ ಬಾಳುತ್ತದೆ. ಹಾಳಾಗಿರುವುದು ಹೆಚ್ಚಾಗಿ ಅದರ ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ.

ಹೆಂಚು ಆರಿಸುವುದು ಹೀಗೆ. ಒಂದೊಂದನ್ನೇ ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಇಟ್ಟುಕೊಳ್ಳಿ. ಮಂಕಾಗಿ ಡಬ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ, ಬೇರೆ ಇಡಿ. ರೀಪಿಗೆ ಸಿಕ್ಕಿಸುವ ಹಿಂಬದಿಯ ಕೊಕ್ಕೆ ಮುರಿದಿದೆಯಾ ನೋಡಿ. ಆಮೇಲೆ ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೊಳೆದು ಒಣಗಿಸಿ. ಆಸಿಡ್ ಬೇಡ, ಪ್ರೆಶರ್ ಪಂಪೂ ಬೇಡ. ಎರಡೂ ಹೆಂಚಿನ ಮೇಲಿನ ಗಟ್ಟಿ ಪದರವನ್ನು ಕೆರೆದು ತೆಗೆಯುತ್ತವೆ. ಆಮೇಲೆ ಹೆಂಚು ನೀರು ಕುಡಿಯುತ್ತದೆ.

ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಕಡಿಮೆ ಬಿದ್ದದ್ದಕ್ಕೆ ಹೊಸದು ತರುವ ಮುನ್ನ ಅಕ್ಕಪಕ್ಕದಲ್ಲಿ ಯಾರಾದರೂ ಹಳೇ ಮನೆ ಕೆಡವುತ್ತಿದ್ದಾರಾ ವಿಚಾರಿಸಿ. ಬೇರೆ ಬೇರೆ ಕಾರ್ಖಾನೆಯ ಹೆಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಹಳೆಯದನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನು ಇನ್ನೊಂದಕ್ಕೆ ಹಾಕಿ. ಗಾಳಿ ಹೊಡೆಯುವ ಬದಿಯಲ್ಲಿ ಸೂರಿನ ಕೊನೇ ಎರಡು ಸಾಲನ್ನು ತಂತಿಯಿಂದ ಬಿಗಿಯಿರಿ. ಪ್ರತಿ ಕೋಣೆಗೆ ನಾಲ್ಕೈದು ಗಾಜಿನ ಹೆಂಚು ಸೇರಿಸಿ. ಮೋಡ ಕವಿದ ದಿನ ಹಗಲಲ್ಲೇ ಲೈಟ್ ಹಾಕುವುದು ಎಷ್ಟೋ ಕಡಿಮೆಯಾಗುತ್ತದೆ.

ಮಾಡಿನ ಮರ ಗೆದ್ದಲು ಹಿಡಿದಿದೆ. ಎಲ್ಲ ಬದಲಾಯಿಸಬೇಕಾ?

ಬೇಡ. ಪಕ್ಕಾಸಿನಲ್ಲಿ (ರೀಪನ್ನು ಹೊರುವ ಓರೆ ಮರದಲ್ಲಿ) ಸಾಮಾನ್ಯವಾಗಿ ಕೆಡುವುದು ಗೋಡೆಯ ಮೇಲೆ ಕೂರುವ ತುದಿ. ಆ ಒಂದೆರಡು ಅಡಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡು ಜೋಡಿಸಿ ಬೋಲ್ಟ್ ಹಾಕಬಹುದು. ತೇಗ, ಹೊನ್ನೆ, ಬೀಟೆಯ ಹಳೇ ತೊಲೆಗಳಷ್ಟು ಗಟ್ಟಿ ಮರ ಈಗ ಎಲ್ಲಿ ಸಿಗುತ್ತದೆ? ಕಟ್ಟಿಗೆಗೆ ಹಾಕಬೇಡಿ. ಬಾಗಿಲು, ಬೆಂಚು, ಕಪಾಟಿಗೆ ಬರುತ್ತದೆ.

ಗೆದ್ದಲಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಲ್ಲಿ ಕರಗಿಸಿ ಹಚ್ಚುವ ಪದ್ಧತಿ ಮಳೆ ತಾಗದ ಒಳಭಾಗದ ಮರಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಢ ಕೀಟನಾಶಕವನ್ನು ಅಡಿಪಾಯದ ಸುತ್ತ ಸುರಿಯುವ ಮುಂಚೆ ಬಾವಿ ಎಷ್ಟು ದೂರ, ತೋಡು ಎಷ್ಟು ದೂರ ನೋಡಿ.

ಹಳೇ ಮರವನ್ನು ಬೇರೆ ಕಡೆಗೆ ಸಾಗಿಸುವುದಿದ್ದರೆ ಲಾರಿಗೆ ಹೇರುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ, ರಹದಾರಿ ಬೇಕಿದ್ದರೆ ಮಾಡಿಸಿಕೊಳ್ಳಿ.

ಪ್ರತಿ ವರ್ಷ ಪೇಂಟ್ ಹೊಡೀತೀವಿ, ಪ್ರತಿ ಮಳೆಗಾಲ ಉದುರುತ್ತೆ. ಯಾವ ಪೇಂಟ್ ಒಳ್ಳೇದು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ದಯವಿಟ್ಟು ಸಾವಧಾನವಾಗಿ ಓದಿ, ಯಾಕೆಂದರೆ ಇಲ್ಲಿ ದುಡ್ಡೂ ಉಳಿಯುತ್ತದೆ, ಕಟ್ಟಡವೂ ಉಳಿಯುತ್ತದೆ. ತಪ್ಪು ಪೇಂಟಿನದ್ದಲ್ಲ. ಗೋಡೆಯೊಳಗೆ ನೀರಿದೆ, ಹೊರಗೆ ಬರಲು ದಾರಿ ಇಲ್ಲ.

ಹಳೇ ಗೋಡೆಗಳು ಕಲ್ಲು ಅಥವಾ ಇಟ್ಟಿಗೆಯವು, ಮಣ್ಣಿನ ಇಲ್ಲವೇ ಸುಣ್ಣದ ಗಾರೆಯಲ್ಲಿ ಕಟ್ಟಿದವು. ಅವು ಮಳೆಗಾಲದಲ್ಲಿ ಒಂದಿಷ್ಟು ತೇವ ಎಳೆದುಕೊಳ್ಳುತ್ತವೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತವೆ. ಸುಣ್ಣದ ಸಾರಣೆ ಈ ಓಡಾಟಕ್ಕೆ ಅಡ್ಡ ಬರುವುದಿಲ್ಲ. ಮುಂದೆ ಯಾವಾಗಲೋ ಯಾರೋ ಅದರ ಮೇಲೆ ಸಿಮೆಂಟ್ ಸಾರಣೆ ಮಾಡಿಸಿರುತ್ತಾರೆ, ಮೇಲೆ ಪ್ಲಾಸ್ಟಿಕ್ ಪೇಂಟ್. ಸಿಮೆಂಟ್ ಗಡುಸು, ಗೋಡೆ ಮೆದು. ಎರಡರ ನಡುವೆ ಕೂದಲೆಳೆ ಬಿರುಕು ಬರುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ಆಗುವುದಿಲ್ಲ. ಅಂಥ ಸಾರಣೆಯನ್ನು ಉಳಿಯಿಂದ ಎಬ್ಬಿಸಿದರೆ ಹಲಗೆಯ ಹಾಗೆ ಕಿತ್ತು ಬರುತ್ತದೆ. ಹಿಂದಿನ ಮಣ್ಣು ಕೈಯಲ್ಲಿ ಹಿಡಿದರೆ ಹಿಟ್ಟಿನ ಮುದ್ದೆಯಂತೆ ಒದ್ದೆಯಾಗಿರುತ್ತದೆ, ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ.

ಮೊದಲ ಕೆಲಸ ಗೋಡೆಯ ಹೊರಗೆ. ವರ್ಷಾನುಗಟ್ಟಲೆ ಅಂಗಳಕ್ಕೆ ಮಣ್ಣು, ಜಲ್ಲಿ ಹಾಕಿ ಹಾಕಿ ನೆಲದ ಮಟ್ಟ ಏರಿರುತ್ತದೆ. ಒಳಗಿನ ನೆಲಕ್ಕಿಂತ ಹೊರಗಿನ ಅಂಗಳ ಎತ್ತರ ಇದ್ದರೆ ಯಾವ ರಾಸಾಯನಿಕ ಹಚ್ಚಿದರೂ ತೇವ ನಿಲ್ಲುವುದಿಲ್ಲ. ಗೋಡೆಯ ಬುಡದ ಮಣ್ಣು ತೆಗೆದು ಮಟ್ಟ ಇಳಿಸಿ. ಚರಂಡಿಯನ್ನು ಗೋಡೆಯಿಂದ ದೂರಕ್ಕೆ ಒಯ್ಯಿರಿ. ಸೂರಿನ ನೀರು ಗೋಡೆಗೆ ಸಿಡಿಯದಂತೆ ದೋಣಿ (ಮಾಡಿನ ನೀರು ಹಿಡಿಯುವ ಗಟರ್) ಹಾಕಿಸಿ, ಸಾಧ್ಯವಾದರೆ ಸೂರನ್ನೇ ಒಂದೂವರೆ ಅಡಿ ಮುಂದಕ್ಕೆ ತನ್ನಿ. ನಮ್ಮ ಐನ್‌ಮನೆಗಳಿಗೆ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳಿಗೆ, ಅಗಲವಾದ ಸೂರು, ಎತ್ತರದ ಜಗಲಿ ಇರುವುದು ಸುಮ್ನೆ ಅಲ್ಲ.

ಆಮೇಲೆ ಗಾರೆ ಯಾವುದು ಅಂತ ಪತ್ತೆ ಮಾಡಿ. ಒಂದು ಚೂರನ್ನು ಲೋಟದ ನೀರಲ್ಲಿ ರಾತ್ರಿ ಬಿಡಿ. ಮಣ್ಣಿನದಾದರೆ ಬೆಳಗ್ಗೆ ಕರಗಿ ಕೂತಿರುತ್ತದೆ. ಸುಣ್ಣದ್ದು ಕರಗುವುದಿಲ್ಲ, ಉಗುರಿನಿಂದ ಕೆರೆದರೆ ಪುಡಿ ಬೀಳುತ್ತದೆ. ಸಿಮೆಂಟ್ ಆದರೆ ಉಗುರೇ ಸವೆಯುತ್ತದೆ. ಮೊದಲೆರಡು ಬಗೆಯಾದರೆ ಸಿಮೆಂಟ್ ಸಾರಣೆಯನ್ನು ನಿಧಾನಕ್ಕೆ ಬಿಡಿಸಿ, ಗೋಡೆ ಒಂದು ಬೇಸಿಗೆ ಒಣಗಲಿ, ಆಮೇಲೆ ಸುಣ್ಣದ ಸಾರಣೆ ಮಾಡಿಸಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ. ಬೇಗ ಗಟ್ಟಿಯಾಗಲು ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಸೇರಿಸುತ್ತಾರೆ. ಹೆಂಚು ಆರಿಸುವಾಗ ಬೇರೆ ಇಟ್ಟಿರಲ್ಲ, ಆ ಒಡೆದ ಹೆಂಚನ್ನು ಕುಟ್ಟಿ ಜರಡಿ ಹಿಡಿದರೆ ಒಳ್ಳೇ ಸುರ್ಕಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಯಾರೂ ಹತ್ತಿರ ಹೋಗಬಾರದು, ಮಕ್ಕಳಂತೂ ಬೇಡವೇ ಬೇಡ.

ಕೊನೆಗೆ ಬಣ್ಣ: ಸುಣ್ಣವೇ ಸಾಕು. ಅದರ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ.

ಸುಣ್ಣದ ಗಾರೆಗೆ ತಾಕತ್ತು ಇದೆಯಾ? ನಮ್ಮ ಮಳೆಗೆ ನಿಲ್ಲುತ್ತಾ?

ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ 1792ರದ್ದು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ 1820ರದ್ದು. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಇಷ್ಟು ಸಾಕಲ್ವಾ?

ಸುಣ್ಣವನ್ನೂ ಸುಟ್ಟೇ ಮಾಡಬೇಕು, ಆಗಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆದರೆ ಸುಣ್ಣಕ್ಕೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು, ಕ್ಲಿಂಕರ್‌ಗೆ 1,450 ಡಿಗ್ರಿ ಬೇಕು. ಗೋಡೆಯ ಮೇಲೆ ಗಟ್ಟಿಯಾಗುವಾಗ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ಒಂದಿಷ್ಟು ವಾಪಸ್ ಹೀರಿಕೊಳ್ಳುತ್ತದೆ.

ಸಿಮೆಂಟ್ ಬೇಕೇ ಬೇಕಾದ ಕಡೆ ಏನು ಮಾಡೋದು?

ಹಾರುಬೂದಿ ಬೆರೆಸಿದ ಪಿಪಿಸಿ ಅಥವಾ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಪಿಎಸ್‌ಸಿ ತೆಗೆದುಕೊಳ್ಳಿ. ಪಿಪಿಸಿಯಲ್ಲಿ ಶೇಕಡಾ 15ರಿಂದ 35ರವರೆಗೆ ಹಾರುಬೂದಿ ಇರುತ್ತದೆ, ಅಷ್ಟು ಕ್ಲಿಂಕರ್ ಉಳಿತಾಯ. ಕ್ಯೂರಿಂಗ್ ಮಾತ್ರ, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು, ಹೆಚ್ಚು ದಿನ ಮಾಡಬೇಕು. ಮರಳಿಗೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಬಾಣಲೆ, ಮಿಕ್ಸರ್ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಅದರ ಕ್ಷಾರಕ್ಕೆ ಮೀನು ಸಾಯುತ್ತವೆ. ಒಂದು ಗುಂಡಿ ತೋಡಿ ಅಲ್ಲೇ ಇಂಗಲಿ.

ಹಳೇ ಕಲ್ನಾರು ಶೀಟುಗಳಿವೆ. ಇಳಿಸಿ ಸೈಕಲ್ ಸ್ಟ್ಯಾಂಡಿಗೆ ಹಾಕಬಹುದಾ?

ಬೇಡ. ಕಲ್ನಾರು, ಅಂದರೆ ಆಸ್ಬೆಸ್ಟಾಸ್‌ನ ಎಳೆ ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ನಮ್ಮ ದೇಶದಲ್ಲಿ ಈ ಶೀಟುಗಳು ಇನ್ನೂ ಮಾರಾಟಕ್ಕಿವೆ, ಅದರಿಂದ ಅಪಾಯ ಇಲ್ಲ ಅಂತಲ್ಲ. ಬಿರುಕು ಬಿಡದ ಶೀಟ್ ಸುಮ್ಮನೆ ಇರುವಾಗ ತೊಂದರೆ ಕಡಿಮೆ. ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಎಳೆ ಹಾರುತ್ತದೆ. ಪಾಚಿ ತೆಗೆಯಲು ಪ್ರೆಶರ್ ಪಂಪ್ ಹಿಡಿಯುವುದು ಇಲ್ಲಿ ಎಲ್ಲರಿಗೂ ರೂಢಿ. ಕಲ್ನಾರು ಶೀಟಿನ ಮೇಲೆ ಅದನ್ನು ಖಂಡಿತ ಮಾಡಬಾರದು.

ಇಳಿಸಲೇಬೇಕಾದರೆ ರಜೆಯಲ್ಲಿ ಇಳಿಸಿ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ. ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು, ಸುತ್ತಿಗೆಯಿಂದ ಒಡೆದು ಬೀಳಿಸಬಾರದು. ಕೆಲಸದವರಿಗೆ ಬಟ್ಟೆ ಮಾಸ್ಕ್ ಸಾಲದು, ಸೂಕ್ಷ್ಮ ಧೂಳು ತಡೆಯುವ ಸರಿಯಾದ ಮಾಸ್ಕ್ ಕೊಡಿ. ಶೀಟುಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ವಿಲೇವಾರಿ ಹೇಗೆ ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ.

ಹಳೇ ಪೇಂಟ್ ಉಜ್ಜಿ ತೆಗೆಯೋದರಲ್ಲಿ ಏನಾದರೂ ಅಪಾಯ ಇದೆಯಾ?

ಇದೆ. ಮನೆ, ಕಟ್ಟಡಗಳ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಎನಾಮೆಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರಬಹುದು ಅಂತಲೇ ಎಣಿಸಿ. ಸೀಸ ಮಕ್ಕಳ ಮಿದುಳಿಗೆ ಪೆಟ್ಟು. ಕಿಟಕಿ, ಬಾಗಿಲುಗಳನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ ಕೆರೆಯಿರಿ, ಕೆಳಗೆ ಹಾಳೆ ಹಾಸಿ, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿಡಿ. ಪೇಂಟ್ ಬಳಿದ ಮರವನ್ನು ಬಿಸಿಯೂಟದ ಒಲೆಗೆ ಒಡ್ಡಲೇಬಾರದು.

ಕೆಡವಿದ ಮಣ್ಣು, ಕಲ್ಲು, ಇಟ್ಟಿಗೆ ಎಲ್ಲಿ ಹಾಕೋದು? ಹಿಂದುಗಡೆ ಇಳಿಜಾರಿಗೆ ತಳ್ಳಿದರೆ ಯಾರಿಗೂ ಕಾಣಲ್ಲ.

ಇಳಿಜಾರಿಗೆ ತಳ್ಳಬೇಡಿ. ಕೊಡಗಿನಲ್ಲಿ ನವೀಕರಣದಿಂದ ಪರಿಸರಕ್ಕೆ ಆಗುವ ಅತಿ ದೊಡ್ಡ ಹಾನಿ ಇದೇ ಅಂತ ನನ್ನ ಅಭಿಪ್ರಾಯ.

ಸಡಿಲ ಮಣ್ಣಿನ ರಾಶಿ ಇಳಿಜಾರಿನ ಮೇಲೆ ಹೊರೆ. ಮಳೆ ನೀರು ಅದರೊಳಗೆ ಸುಲಭವಾಗಿ ಇಳಿಯುತ್ತದೆ, ಗಟ್ಟಿ ನೆಲ ಸಿಕ್ಕಿದಲ್ಲಿ ಜಾರುಬಂಡೆಯಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಏನಾಯಿತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಷ್ಟು ಮಳೆಗೆ ಹೇಗೂ ಕುಸಿಯುತ್ತಿದ್ದ ಜಾಗಗಳೂ ಇದ್ದವು. ಆದರೆ ಬರೆ ಕಡಿದು, ಮಣ್ಣು ತುಂಬಿ, ನೀರಿನ ದಾರಿ ಮುಚ್ಚಿದ ಕಡೆ ಅಪಾಯವನ್ನು ನಾವೇ ಹೆಚ್ಚಿಸಿಕೊಂಡಿದ್ದೆವು. ಕುಸಿಯದೇ ಉಳಿದರೂ ಆ ಮಣ್ಣು ತೋಡಿಗೆ, ತೋಡಿನಿಂದ ಗದ್ದೆಗೆ, ಕೊನೆಗೆ ಕಾವೇರಿಗೆ. ದೇವರಕಾಡಿನ ಅಂಚು, ಖಾಲಿ ಬಿದ್ದ ಗದ್ದೆ, ರಸ್ತೆ ಬದಿಯ ಕೊಲ್ಲಿ, ಇವೂ ಕಸದ ಜಾಗ ಅಲ್ಲ.

ಕೆಡವುವ ಮೊದಲೇ ಸಮತಟ್ಟಾದ ಜಾಗದಲ್ಲಿ ನಾಲ್ಕು ರಾಶಿಗೆ ಗುರುತು ಹಾಕಿ. ಒಂದು ಕಾಂಕ್ರೀಟಿಗೆ, ಒಂದು ಮಣ್ಣಿಗೆ, ಒಂದು ಕಬ್ಬಿಣ, ಮರ, ಪ್ಲಾಸ್ಟಿಕ್‌ಗೆ, ಇನ್ನೊಂದು ಇಟ್ಟಿಗೆ ಮತ್ತು ಗಾರೆಗೆ. 2016ರ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವವರಿಗೆ ಈ ನಾಲ್ಕು ಭಾಗವನ್ನೇ ಹೇಳಿದ್ದವು. ನಿಮ್ಮದು ಅಷ್ಟು ಆಗದೇ ಇರಬಹುದು, ಆದರೂ ಪದ್ಧತಿ ಒಳ್ಳೇದು. ಬೆರೆತ ರಾಶಿ ಕಸ, ಬೇರ್ಪಟ್ಟ ರಾಶಿ ಸಾಮಾನು. ಇಟ್ಟಿಗೆ ಚೂರು ನೆಲದ ಕೆಳಗೆ ತುಂಬಲು ಬರುತ್ತದೆ. ಕಲ್ಲು ಚರಂಡಿ ಕಟ್ಟಲು. ಗೋಡೆಯ ಮಣ್ಣನ್ನು ನೆನೆಹಾಕಿ ತುಳಿದು ಮತ್ತೆ ಅದೇ ಗೋಡೆಗೆ ಬಳಸಬಹುದು. ಹಾಗೆ ಮಾಡಿದರೆ ಹೊರಗೆ ಸಾಗಿಸಬೇಕಾದ್ದು ತುಂಬಾ ಕಡಿಮೆ ಉಳಿಯುತ್ತದೆ. ಅದನ್ನು ಎಲ್ಲಿಗೆ ಒಯ್ಯಬೇಕು ಅಂತ ಪಂಚಾಯಿತಿ ಇಲ್ಲವೇ ನಗರಸಭೆಯಿಂದ ಬರಹದಲ್ಲಿ ಪಡೆಯಿರಿ.

ಹಳೇ ಟ್ಯೂಬ್‌ಲೈಟ್‌ಗಳಲ್ಲಿ ಪಾದರಸ ಇರುತ್ತದೆ. ಒಡೆಯದೆ ಪೆಟ್ಟಿಗೆಯಲ್ಲಿಟ್ಟು, ಚೋಕು, ಕಂಪ್ಯೂಟರುಗಳ ಜೊತೆ ಅಧಿಕೃತ ಇ-ತ್ಯಾಜ್ಯದವರಿಗೇ ಕೊಡಿ.

ಮಳೆ ಕೊಯ್ಲು ಮಾಡಿಸಿ, ಇಂಗುಗುಂಡಿ ತೋಡಿಸಿ ಅಂತ ಎಲ್ಲರೂ ಹೇಳ್ತಾರೆ. ನಾವೂ ಮಾಡಿಸಬೇಕಾ?

ಕೊಯ್ಲು ಮಾಡಿಸಿ. ಇಂಗುಗುಂಡಿಗೆ ಮಾತ್ರ ಜಾಗ ನೋಡಿ ಹೇಳಬೇಕು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. 100 ಚದರ ಮೀಟರಿನ ಮಾಡಿಗೆ ಅದು ಸುಮಾರು 3 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋಯಿತು ಅಂದುಕೊಂಡರೂ 2.4 ಲಕ್ಷ ಲೀಟರ್ ಸಿಗುತ್ತದೆ. ಹೀಗಿದ್ದೂ ಮಾರ್ಚ್, ಏಪ್ರಿಲ್‌ನಲ್ಲಿ ಹಾಸ್ಟೆಲಿಗೆ ಟ್ಯಾಂಕರ್ ತರಿಸುವುದು ಉಂಟು. ಮಳೆಗಾಲದಲ್ಲಿ ಅಷ್ಟನ್ನೂ ಹಿಡಿದಿಡಲು ಆಗುವುದಿಲ್ಲ, ಹಿಡಿಯುವುದೂ ಬೇಡ. ಅಕ್ಟೋಬರ್ ಮಳೆಯಿಂದ ಟ್ಯಾಂಕ್ ತುಂಬಿಸಿ ಬೇಸಿಗೆಗೆ ಇಡುವಂತೆ ಲೆಕ್ಕ ಹಾಕಿ. ಶೌಚಾಲಯ, ತೋಟಕ್ಕೆ ಅದು ಧಾರಾಳ.

ಇಂಗುಗುಂಡಿಯ ಮಾತೇ ಬೇರೆ. ಕುಶಾಲನಗರದ ಕಡೆ ಮಳೆ ಕಡಿಮೆ, ನೆಲ ಚಪ್ಪಟೆ. ಅಲ್ಲಿ ನೀರು ಇಂಗಿಸಿದರೆ ಬೋರ್‌ವೆಲ್ಲಿಗೆ ಉಪಕಾರ. ಮಡಿಕೇರಿ, ಭಾಗಮಂಡಲ, ಮಾದಾಪುರದ ಬೆಟ್ಟದ ಇಳಿಜಾರಿನಲ್ಲಿ, ಅದೂ ಕಡಿದ ಬರೆಯ ತಲೆಯ ಮೇಲೆ ಗುಂಡಿ ತೋಡಿ ನೀರು ಇಂಗಿಸಿದರೆ ಆ ಬರೆಯನ್ನೇ ಸಡಿಲ ಮಾಡಿದಂತೆ. ಇಲ್ಲಿ ಮಾಡಿನ ನೀರನ್ನು ಕಲ್ಲು ಕಟ್ಟಿದ ಚರಂಡಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ವೇಗ ತಗ್ಗಿಸುತ್ತಾ, ಸಹಜ ತೋಡಿನವರೆಗೆ ಕರೆದೊಯ್ಯಬೇಕು. ತಡೆಗೋಡೆ ಇದ್ದರೆ ಅದರ ನೀರುಗಂಡಿಗಳು ಮುಚ್ಚಿಹೋಗಿವೆಯಾ ನೋಡಿ. ಬರೆಯ ಮೇಲೆ ಲಾವಂಚ ನೆಡಿ, ಅದರ ಬೇರು ಆಳಕ್ಕೆ ಇಳಿಯುತ್ತದೆ.

ಕರೆಂಟ್ ಉಳಿಸೋಕೆ ಮೊದಲು ಏನು ಮಾಡಬೇಕು?

ಹಾಸ್ಟೆಲ್ ಇದ್ದರೆ ಸ್ನಾನದ ಬಿಸಿನೀರಿನಿಂದ ಶುರು ಮಾಡಿ. ಲೆಕ್ಕ ನೋಡಿ. 15 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿ ಕಾಯಿಸಲು ಸುಮಾರು 0.44 ಯೂನಿಟ್ ಬೇಕು. 100 ಮಕ್ಕಳಿಗೆ ದಿನಕ್ಕೆ 44 ಯೂನಿಟ್. 80 ಹಳೇ ಟ್ಯೂಬ್‌ಲೈಟ್ ಬದಲಿಸಿ ಎಲ್‌ಇಡಿ ಹಾಕಿದರೆ ದಿನಕ್ಕೆ 6 ಗಂಟೆ ಉರಿಸುವ ಲೆಕ್ಕದಲ್ಲಿ ಉಳಿಯುವುದು 14 ಯೂನಿಟ್ ಅಷ್ಟೇ. ಎಲ್‌ಇಡಿ ಬೇಡ ಅಂತಲ್ಲ, ಅದನ್ನೂ ಹಾಕಿ. ಆದರೆ ಸೋಲಾರ್ ವಾಟರ್ ಹೀಟರ್, ಮಳೆಗಾಲಕ್ಕೆ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್, ಇವಕ್ಕೆ ಮೊದಲ ದುಡ್ಡು ಹೋಗಲಿ.

ಸೋಲಾರ್ ಪ್ಯಾನೆಲ್‌ಗಳನ್ನು ಹೆಂಚಿನ ಮೇಲೆ ಕೂರಿಸಬೇಡಿ, ಕೂರಿಸುವಾಗಲೇ ಹೆಂಚು ಒಡೆಯುತ್ತದೆ. ತಾರಸಿ ಇರುವ ಕಟ್ಟಡ ಇದ್ದರೆ ಅಲ್ಲಿ ಹಾಕಿ. ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ತುಂಬಾ ಇಳಿಯುತ್ತದೆ, ಬೇಸಿಗೆಯಲ್ಲಿ ರಜೆ ಇರುತ್ತದೆ. ಹಾಗಾಗಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಜೊತೆ ನೆಟ್ ಮೀಟರಿಂಗ್ (ಮಿಕ್ಕ ಕರೆಂಟನ್ನು ನಿಗಮಕ್ಕೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ಮಾಡಿಸಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಎ.ಸಿ. ಮಡಿಕೇರಿಗೆ ಬೇಡ.

ಅಟ್ಟದಲ್ಲಿ ಬಾವಲಿ, ಪುನುಗಿನ ಬೆಕ್ಕು ಇವೆ. ಗೋಡೆಯ ತೂತಿನಲ್ಲಿ ಜೇನು ಕೂತಿದೆ.

ಕೆಲಸ ಶುರುವಾಗುವ ಮೊದಲೇ ಒಂದು ಸಂಜೆ ಕೂತು ಯಾವ ಸಂದಿಯಿಂದ ಏನು ಹೊರಗೆ ಹೋಗುತ್ತದೆ ಗಮನಿಸಿ. ಮರಿಗಳಿದ್ದರೆ ಅವು ಬೆಳೆದು ಹೋಗುವವರೆಗೆ ಆ ಭಾಗ ಬಿಡಿ. ಪುನುಗು, ಗೂಬೆ ಕಾನೂನಿನ ರಕ್ಷಣೆ ಇರುವ ಪ್ರಾಣಿಗಳು, ಹಿಡಿಯಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ. ತುಡುವೆ ಜೇನನ್ನು ಹೊಗೆ ಹಾಕಿ ಓಡಿಸುವ ಬದಲು ಜೇನು ಸಾಕುವವರನ್ನು ಕರೆದರೆ ಪೆಟ್ಟಿಗೆಗೆ ಹತ್ತಿಸಿಕೊಂಡು ಹೋಗುತ್ತಾರೆ. ಕೊಡಗಿನಲ್ಲಿ ಅವರಿಗೇನು ಬರವಿಲ್ಲ.

ಪರಿಸರ ಅನುಮತಿ ಬೇಕಾ? ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್?

ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು. ಶಾಲೆಯ ದುರಸ್ತಿ ಅಷ್ಟಕ್ಕೆ ಬರುವುದಿಲ್ಲ. ಸರ್ಟಿಫಿಕೇಟ್ ದೊಡ್ಡ ಕ್ಯಾಂಪಸ್‌ಗಳಿಗೆ ಸರಿ. ಸಣ್ಣ ಶಾಲೆಯಾದರೆ ಆ ದುಡ್ಡಲ್ಲಿ ದೋಣಿ, ಚರಂಡಿ ಮಾಡಿಸಿ.

ಕಾಂಟ್ರಾಕ್ಟರ್ ಇದಕ್ಕೆಲ್ಲ ಒಪ್ಪಲ್ಲ. ಏನು ಮಾಡೋದು?

ಟೆಂಡರಿನಲ್ಲಿ ಬರೆಯದಿದ್ದರೆ ಯಾರೂ ಒಪ್ಪುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಹೆಚ್ಚಿನ ಒಪ್ಪಂದಗಳಲ್ಲಿ ಕೆಡವುವುದಕ್ಕೆ ಒಟ್ಟು ಮೊತ್ತ ಒಂದೇ. ಬೇಗ ಕೆಡವಿದಷ್ಟೂ ಅವರಿಗೆ ಲಾಭ. ಜೆಸಿಬಿ ತಂದು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಬಿಡಿಸಿ ಇಳಿಸುವುದಕ್ಕೆ ಬೇರೆ ದರ ಹಾಕಿ. ಇಡಿಯಾಗಿ ಸಿಕ್ಕ ಪ್ರತಿ ಹೆಂಚಿಗೆ, ಪ್ರತಿ ಅಡಿ ಮರಕ್ಕೆ ಇಷ್ಟು ಅಂತ ಬರೆಯಿರಿ. ಹಳೇ ಸಾಮಾನು ಸಂಸ್ಥೆಯದ್ದೇ ಅಂತ ಸ್ಪಷ್ಟವಾಗಿರಲಿ. ತ್ಯಾಜ್ಯ ಎಲ್ಲಿಗೆ ಹೋಯಿತು ಅಂತ ಪ್ರತಿ ಲೋಡಿಗೂ ಚೀಟಿ ತೋರಿಸಿದ ಮೇಲೇ ಕೊನೇ ಬಿಲ್. ಸರ್ಕಾರಿ ಕಟ್ಟಡವಾದರೆ ಇದನ್ನೆಲ್ಲ ಅಂದಾಜು ಪಟ್ಟಿ ಮಾಡುವಾಗಲೇ ಎಂಜಿನಿಯರ್ ಹತ್ತಿರ ಸೇರಿಸಿಕೊಳ್ಳಬೇಕು. ಆಮೇಲೆ ಕಷ್ಟ.

ತರಗತಿ ನಡೆಯುವಾಗಲೇ ಕೆಲಸ ಮಾಡಬಹುದಾ?

ಪೇಂಟ್ ಕೆರೆಯುವುದು, ಶೀಟ್ ಇಳಿಸುವುದು, ಸುಣ್ಣ ಅರಳಿಸುವುದು ಬಿಟ್ಟು ಉಳಿದದ್ದು ಮಾಡಬಹುದು, ನಡುವೆ ಭದ್ರವಾದ ತಡೆ ಇದ್ದರೆ. ಕಲ್ಲು ಕತ್ತರಿಸುವುದು ಒದ್ದೆಯಲ್ಲೇ ಆಗಲಿ. ಪರೀಕ್ಷೆಯ ದಿನ ಯಂತ್ರ ಬೇಡ.

ಈ ವರ್ಷ ದುಡ್ಡು ಕಡಿಮೆ ಇದೆ. ಒಂದೇ ಕೆಲಸ ಮಾಡೋದಾದರೆ ಯಾವುದು?

ಮಾಡು ಮತ್ತು ಚರಂಡಿ. ಒಡೆದ ಹೆಂಚು ಬದಲಿಸಿ, ದೋಣಿ ಸರಿಪಡಿಸಿ, ಗೋಡೆ ಬುಡದ ಮಣ್ಣು ಇಳಿಸಿ, ಚರಂಡಿ ಬಿಡಿಸಿ. ಇಷ್ಟಾದರೆ ಉಳಿದದ್ದು ಎರಡು ಮೂರು ವರ್ಷ ಕಾಯಬಹುದು. ಪೇಂಟ್, ಟೈಲ್ಸ್, ಗೇಟು ಯಾವುದೂ ಈ ವರ್ಷ ಬೇಡ. ಮುಂದೆ ಪ್ರತಿ ಮೇ ತಿಂಗಳ ಮೊದಲ ವಾರ ಒಬ್ಬರು ಏಣಿ ಹತ್ತಿ ದೋಣಿಯ ಎಲೆ ತೆಗೆದು, ಜರುಗಿದ ಹೆಂಚು ಕೂರಿಸಬೇಕು. ಆಗಸ್ಟ್‌ನಲ್ಲಿ ಮಳೆ ಬಿಟ್ಟ ಒಂದು ದಿನ ಮತ್ತೆ ನೋಡಬೇಕು. ಆ ಕೆಲಸಕ್ಕೆ ಯಾರು, ಕೂಲಿ ಎಷ್ಟು ಅಂತ ಬಜೆಟ್ಟಿನಲ್ಲೇ ಬರೆದಿಡಿ. ನೂರಿನ್ನೂರು ಹೆಂಚು ಸ್ಟೋರ್ ರೂಮಿನಲ್ಲಿ ಇರಲಿ.